ಸೀನೂಕಿಂತ ಮೊದಲ

ಬ್ಯಾಡಗಿಯೊಳಗ ಸೀನಿಗೆ ಯಾರೂ ತಿರುಗಿ ನೋಡಂಗಿಲ್ಲ.
ಗೋಡೌನಿನ ಅಂಗಳದಾಗ ಇಪ್ಪತ್ತು ಮಂದಿ ಹೆಂಗಸರು,
ನಡುವ ಕೆಂಪನ್ನ ರಾಶಿ,
ತೊಟ್ಟು ಮುರಿದರ ಒಂದು ಸೀನು, ಬುಟ್ಟಿ ಎತ್ತಿದರ ಎರಡು.
ಮುಕಾದಮ ಸೀನತಾನ, ಹಮಾಲರು ಸೀನತಾರ,
ಗೇಟಿನ ನಾಯಿನೂ ಸೀನತೈತಿ.

ಅವರ ಸೀನು ಮೂಗಿಗೆ ಮುಗೀತೈತಿ.
ನಂದು ಕೆಳಗಿನ ತನಕ ಹೋಗತೈತಿ.

ಸಣ್ಣಾಕಿ ಕಸ್ತೂರಿ ಹುಟ್ಟಿ ಇಪ್ಪತ್ತೆರಡು ವರ್ಷ,
ಅಷ್ಟ ವರ್ಷ ಈ ಮಡಚಿದ ಅರಿವಿ.
ಸೀರಿ ಅಂದ್ರ ದಟ್ಟ ಬಣ್ಣದ್ದು,
ಕುಂದ್ರೂದಂದ್ರ ಮೂಲ್ಯಾಗ, ಗೋಣಿಚೀಲದ ಮ್ಯಾಲೆ,
ಚಾ ಅಂದ್ರ ಒಲ್ಲೆ.
ರಟ್ಟೀಹಳ್ಳಿಗೆ ತಂಗಿಮಗಳ ಮದುವಿಗೆ ಕರದಾಗ
ಬಸ್ಸಿನ ಕುಲುಕಾಟ ನೆನಸಿ ತಲಿನೋವಂದೆ.
ನಗೂದಾದ್ರ
ತೂಗಿ ನಕ್ಕೆ, ಚಟಾಕಿನಷ್ಟು.

ಹಾವೇರಿ ದವಾಖಾನಿಗೆ ಹೋಗಿದ್ದು ನಡುನೋವಿಗೆ.
ಪಡದೆ ಎಳದ ಸಣ್ಣ ಖೋಲಿ,
ರೇಷ್ಮಾ ಬಾಗವಾನ ಅಂತ ಎದಿ ಮ್ಯಾಲೆ ಬಿಲ್ಲೆ, ಕಸ್ತೂರಿ ವಯಸ್ಸು.
ಊಟ ಆತೇನಂತ ಕೇಳಿದಂಗ ಕೇಳಿದ್ಲು,
'ಸೀನಿದಾಗ ಉಚ್ಚಿ ಹನಿತೈತೇನ್ರೀ?'
ಮ್ಯಾಲೆ ಫ್ಯಾನು ತಿರುಗತಿತ್ತು.
'ಅದು ಎಲ್ಲಾರಿಗೂ ಆಗತೈತಲ್ಲವಾ?' ಅಂದೆ.
'ಭಾಳ ಮಂದಿಗೆ ಆಗತೈತಿ.
ಮಲಗ್ರಿ, ಮೊಣಕಾಲು ಮಡಚ್ರಿ.'

ಮುಂದಿನ ಎಲುಬಿನಿಂದ ಬಾಲದ ಎಲುಬಿನ ತನಕ
ನನ್ನೊಳಗ ಒಂದು ಜೋಲಿ ಕಟ್ಟೈತಂತ.
ಮೂರು ಕೂಸು, ತುಂಬಿದ ಚೀಲ, ಎಷ್ಟೋ ಕೊಡ ನೀರು
ಎಲ್ಲಾ ಅದರ ಮ್ಯಾಲ ತೂಗೇನಿ.
ಹರದಿಲ್ಲ, ಜೋತೈತಿ ಅಂದ್ಲು.
ಬಿಗಿ ಮಾಡಾಕ ಬರತೈತಿ ಅಂದ್ಲು.

ಕಾಯಿಗಾದ್ರ ಹೆಸರು ಗೊತ್ತು ನಮಗ. ಡಬ್ಬಿ, ಕಡ್ಡಿ,
ಬಿಳಿಚಿದ್ದು, ಮುರುಕು, ಒಣಗದ ಉಳದದ್ದು,
ಕಣ್ಣು ಮುಚ್ಚಿ ಬೆರಳಿಲೆ ಹೇಳತೇವಿ.
ಹುಟ್ಟಿದಾಗಿಂದ ಕುಂತ ಈ ಜಾಗಕ್ಕ
ನಮ್ಮವ್ವ ಕೊಟ್ಟದ್ದು ಒಂದ ಮಾತು:
ಕೆಳಗ.

'ಗಾಳಿ ತಡದಂಗ ಒಳಗ ಎಳೀರಿ, ಮ್ಯಾಲಕ್ಕ.
ಕುಂಡಿ ಬಿಗಿಬ್ಯಾಡ್ರಿ, ಉಸರು ಹಿಡೀಬ್ಯಾಡ್ರಿ.
ಎಣಿಸಿ ಪೂರಾ ಬಿಡ್ರಿ, ಬಿಡೂದೂ ಕೆಲಸನ.'
ನನ್ನ ಕೇಳಿ, ನಾ ಹೂಂ ಅಂದ ಮ್ಯಾಲೆ
ಕೈಗವಸು ಹಾಕ್ಕೊಂಡು ಬೆರಳಿಟ್ಟು ನೋಡಿದ್ಲು.
ನಾ ಹುಬ್ಬು ಬಿಗಿದೆ, ಹಲ್ಲು ಬಿಗಿದೆ,
ಕಾಲಬೆರಳು ಸುದ್ದಾ ಬಿಗಿದೆ.
'ಅಲ್ಲಲ್ರೀ,' ನಕ್ಕಳು, 'ಒಳಗ.'

ರೊಟ್ಟಿ ಬಡಿಯೂವಾಗ ಹತ್ತು,
ನಳದ ಸರತಿಯಾಗ ಹತ್ತು,
ಮನಿಯವ್ರು ಒದರೂವಾಗ ಮತ್ತ ಹತ್ತು.
ಕೈಯೂ ಆಡದ, ಕಾಲೂ ಆಡದ ಇದೆಂಥಾ ವ್ಯಾಯಾಮ,
ಬಸ್ ಚಾರ್ಜು ದಂಡ ಅಂದ್ರು.
ಎರಡು ತಿಂಗಳು ನನಗೂ ಹಂಗ ಅನಸಿತ್ತು.

ಒಂದು ಸ್ವಾಮಾರ, ಮಾರ್ಕೆಟ್ಟಿನ ದಿನ,
ಮೂಗಿನ ತುದಿಗೆ ಕಚಗುಳಿ ಬಂತು.
ಸೀನು ಬರೂದಕ್ಕೂ ಸಿಡಿಯೂದಕ್ಕೂ ನಡುವ
ಎಳ್ಳಿನಷ್ಟು ಜಾಗ ಐತಿ.
ಆ ಜಾಗದಾಗ ಜೋಲಿ ಮ್ಯಾಲೆತ್ತಿದೆ.
ಸೀನಿದೆ.
ಅರಿವಿ ಒಣ.
ನಂಬಿಕಿ ಆಗಲಿಲ್ಲ. ಇನ್ನೊಂದು ಸೀನು ಬರಲಿ ಅಂತ
ಕಾಯಿ ಮುರದು ಮೂಸಿ ನೋಡಿದೆ.

ಹದಿನಾಲ್ಕು ವರ್ಷ ನನ್ನ ಮಗ್ಗಲ ಕುಂತ ಶಾವಂತ್ರೆವ್ವನ
ಕಿವ್ಯಾಗ ಹೇಳಿದೆ.
ಆಕಿ ಕೈಯಾಗಿನ ಕಾಯಿ ಕೆಳಗಿಟ್ಟು
'ನಿನಗೂನಾ?' ಅಂದ್ಲು.

ಮಾತು ರಾಶಿ ಸುತ್ತ ಹೋತು, ಬುಟ್ಟಿ ದಾಟಿಸಿದಂಗ.
ಈಗ ನಡು ಹಗಲಿನಾಗ ಇಪ್ಪತ್ತೂ ಮಂದಿ
ಒಮ್ಮೆಲೆ ಸುಮ್ಮಗಾಗತೇವಿ. ಬೆರಳು ಆಡತಾವ,
ಮಾರಿಮ್ಯಾಲೆ ಏನೂ ಇಲ್ಲ.
ನಿನ್ನೆ ಮುಕಾದಮ ಗಾಬರಿಯಾಗಿ ಬಂದ,
'ಏನವ್ವಾ, ಯಾರರ ಸತ್ತಾರೇನು?'

ನಕ್ಕೆ ನೋಡ್ರಿ, ತೂಕ ಹಾಕದ,
ಎಲ್ಲಾರೂ ನಕ್ಕರು, ಘಾಟು ಏರಿ ಕೆಮ್ಮಿಕೋತ ನಕ್ಕರು.
ಶಾವಂತ್ರೆವ್ವ ಮಾತ್ರ ಸೆರಗು ಹಿಂದಕ್ಕ ಎಳಕೊಂಡು
ಎದ್ದು ಹೋದ್ಲು.
ಆಕೀದಿನ್ನೂ ಎರಡನೇ ವಾರ.