ತುತ್ತು

ಐಟಿಐ ಮುಗಿಸಿ ಕಪನೂರಿನ ದಾಲ್ ಮಿಲ್ಲಿಗೆ ಬಂದ ದಿನ
ಮಶಾಕಮಾಮಾ ಕಲಿಸಿದ ಮೊದಲ ಪಾಠ
ಯಂತ್ರದ್ದಲ್ಲ, ಊಟದ್ದು.
"ನುಂಗಿದ ಮ್ಯಾಲ ಇನ್ನೊಂದು ತುತ್ತು.
ನಡುವ ತುರುಕಿದರ ಮನಷ್ಯಾಗೂ ಉಸಿರು ಕಟ್ತದ,
ಮಷೀನಿಗೂ."

ಹದಿನೇಳು ವರುಷ ಫೌಜಿನಲ್ಲಿ
ಬಂದೂಕು ರಿಪೇರಿ ಮಾಡಿದವನು.
ಹೊಡೆದವನಲ್ಲ.
ಕೇಳಿದವರಿಗೆಲ್ಲ ಇದನ್ನೇ ಹೇಳುತ್ತಾನೆ,
ಕೇಳದವರಿಗೂ.

ಮಧ್ಯಾಹ್ನ ಕರೆಂಟು ಹೋದರೆ
ತೊಗರಿ ಚೀಲಕ್ಕೆ ಬೆನ್ನು ಕೊಟ್ಟು
ನೆಲದ ಧೂಳಿನ ಮೇಲೆ ಬೆರಳಾಡಿಸುತ್ತಾನೆ:
ಇದು ಪಟ್ಟಿ. ಕೊಂಡಿಗೆ ಕೊಂಡಿ ಸಿಕ್ಕಿಸಿಕೊಂಡು
ಮದುವೆಮನೆಯ ಪಂಕ್ತಿಯಂತೆ ಕೂತ ಕಾಡತೂಸು.
ಇದು ಉಕ್ಕಿನ ನಾಲಗೆ,
ಒಂದೊಂದೇ ಮನೆ ಮುಂದಕ್ಕೆಳೆದು
ಹಿಂದೆ ಜಾರದಂತೆ ತಡೆಯುತ್ತದೆ.
ಇದು ಉಗುರು, ಖಾಲಿ ಹಿತ್ತಾಳೆಯನ್ನು
ಗಂಟಲಿನಿಂದ ಕಿತ್ತು ಬಲಕ್ಕೆ ಎಸೆಯುತ್ತದೆ.
ಇದು ಸ್ಪ್ರಿಂಗು.
"ಸಿಟ್ಟು ಅಂತಾರ ಮಂದಿ. ಸಿಟ್ಟಲ್ಲ ತಂಗಿ, ನೆನಪು.
ಒತ್ತಿದಷ್ಟೂ ತನ್ನ ಮೊದಲಿನ ಜಾಗಾ ನೆನಸ್ತದ."

ಯಾರು ದೂಡುತ್ತಾರೆ ಇದನ್ನೆಲ್ಲ, ಎಂದೆ.
ಯಾರೂ ಅಲ್ಲ.
ಹೋಗುವ ಗುಂಡು ಒದ್ದು ಹೋದ ಬಲದಲ್ಲೇ
ಬರುವ ಗುಂಡಿಗೆ ಬಾಗಿಲು ತೆರೆಯುತ್ತದೆ.
ಅಷ್ಟು ಹೇಳಿ ಅಂಗೈಯಿಂದ
ಚಿತ್ರ ಅಳಿಸಿಬಿಟ್ಟ.

ಆಮೇಲೆ ಹಾಪರಿನ ಕೆಳಗೆ ನಿಂತಾಗಲೆಲ್ಲ
ನನಗೆ ಎರಡು ಕಾಣತೊಡಗಿದವು.
ಗಂಟಲಿಗಿಳಿವ ತೊಗರಿ, ಕುರುಂದದ ರೋಲರು,
ಹೊಟ್ಟು ಆ ಕಡೆ, ಬೇಳೆ ಈ ಕಡೆ.
ಒಂದು ಊರು ಉಣಿಸುತ್ತದೆ. ಇನ್ನೊಂದು
ತಾನೇ ಉಣ್ಣುತ್ತದೆ.
ಹಲ್ಲುಗಳ ಲೆಕ್ಕ ಮಾತ್ರ ಎರಡಕ್ಕೂ ಅದೇ.

ಆ ರಾತ್ರಿಯದು ಹೇಳಿದ್ದು ಒಂದೇ ಸಲ,
ಚಹಾ ಆರುತ್ತಿತ್ತು.
ಎತ್ತರದ ಠಾಣೆ. ಬೆರಳು ಮರಗಟ್ಟುವ ಚಳಿ.
ಬಾಗಿದ ಒಂದು ಕೊಂಡಿ, ಕಿವಿಯ ಬೆಂಡೋಲೆಯ ಕೊಕ್ಕೆಯಷ್ಟೇ,
ಅರ್ಧ ನುಂಗಿದ ತುತ್ತಾಗಿ ಸಿಕ್ಕಿಕೊಂಡಿತು.
ಸದ್ದು ನಿಂತದ್ದೇ ತಡ
ಆಚೆ ಬಂಡೆಯ ಹಿಂದೆ ಯಾರೋ ಕೆಮ್ಮಿದರಂತೆ.
ಒಣಕೆಮ್ಮು. ಮುಗಿಯುವುದೇ ಇಲ್ಲ.
"ನಮ್ಮಪ್ಪ ಹಿಂಗೇ ಕೆಮ್ಮತಿದ್ದ,
ಶಹಾಬಾದದಾಗ ಫರಶಿ ಒಡದು ಒಡದು.
ಕೊಂಡಿ ಬಿಡಸಲಿಕ್ಕ ಹನ್ನೊಂದು ಸೆಕೆಂಡು ಸಾಕಿತ್ತು.
ನಾ ನಲವತ್ತು ತಗೊಂಡೆ."

ಆಮೇಲೆ?
"ಕೆಮ್ಮು ದೂರ ಹೋಯ್ತು."
ಲೋಟದ ತಳದ ಚಹಾ ಚೆಲ್ಲಿದ.
"ನಮ್ಮ ಕಡೀದೊಂದು ಹುಡುಗ ಇತ್ತು. ಈಗ ಎಡಗೈ ಇಲ್ಲ ಅದಕ್ಕ.
ಆ ಇಪ್ಪತ್ತೊಂಬತ್ತರೊಳಗೇ ಹೋಯ್ತೋ,
ಅದರ ಹಿಂದೋ ಮುಂದೋ...
ಲೆಕ್ಕ ಹತ್ತಲಿಲ್ಲ ನನಗ."

ವರುಷಕ್ಕೊಮ್ಮೆ, ಹೊಸ ತೊಗರಿ ಬಂದಾಗ,
ಝಾನ್ಸಿ ಕಡೆಯ ಒಂದು ಹಳ್ಳಿಗೆ
ಹತ್ತು ಕಿಲೋ ಬೇಳೆ ಪಾರ್ಸಲ್ ಹೋಗುತ್ತದೆ.
ವಿಳಾಸ ನನ್ನಿಂದಲೇ ಬರೆಸುತ್ತಾನೆ,
ಹಿಂದಿಯಲ್ಲಿ ನನ್ನ ಅಕ್ಷರ ದುಂಡಗಿವೆಯಂತೆ.
ಕಳಿಸಿದವರ ಹೆಸರಿನ ಜಾಗ
ಖಾಲಿ ಬಿಡು ಅನ್ನುತ್ತಾನೆ.
ಕೌಂಟರಿನವರು ಬಿಡುವುದಿಲ್ಲ.
ಅದಕ್ಕೆ ಮಿಲ್ಲಿನ ಹೆಸರು ಬರೆಯುತ್ತೇನೆ.

ಇವತ್ತು ಹಾಪರು ನಿಂತಿತು.
ಸ್ವಿಚ್ಚು ಆರಿಸಿ, ಬೆಲ್ಟು ಕಳಚಿ,
ಮೊಣಕೈವರೆಗೂ ಕೈ ಇಳಿಸಿದೆ.
ತೊಗರಿಯ ಜೊತೆ ಬಂದ ಕಲ್ಲಿನ ಚೂರು,
ನೀಲಿ ಬಣ್ಣದ್ದು, ಫರಶಿಯದೇ ಇರಬೇಕು.
ತೆಗೆದು ಜೇಬಿಗೆ ಹಾಕಿಕೊಂಡೆ.
ಬೆಲ್ಟು ಕೂರಿಸಿದೆ.

"ಎಷ್ಟೊತ್ತು ಬೇ?" ಮಾಲಕರ ಕೂಗು.

ಸ್ವಿಚ್ಚಿನ ಮೇಲೆ ಬೆರಳಿಟ್ಟಾಗ ಕೇಳಿಸಿತು.
ಆರು ತಿಂಗಳಿಂದ ಹೊಟ್ಟಿನ ಧೂಳಿನಲ್ಲಿ ಕೂತು
ಚೀಲ ಹೊಲಿಯುವ ಮಲಕಮ್ಮ
ಸೂಜಿ ಕೆಳಗಿಟ್ಟು, ಸೆರಗು ಬಾಯಿಗೊತ್ತಿ, ಕೆಮ್ಮುತ್ತಿದ್ದಳು.
ಯಂತ್ರದ ಸದ್ದಿನಲ್ಲಿ
ಒಂದು ದಿನವೂ ಕೇಳಿರಲಿಲ್ಲ ನಾನು.

ಮಶಾಕಮಾಮಾ ಆ ಕಡೆ ತಿರುಗಿ
ಒರೆಸಿದ್ದ ನಟ್ಟನ್ನೇ ಮತ್ತೆ ಒರೆಸುತ್ತಿದ್ದ.
ಮಲಕಮ್ಮ ಎದ್ದು
ಬಾಗಿಲಾಚೆ ನೀರಿನ ಕೊಡದತ್ತ ಹೊರಟಳು,
ಗೋಡೆ ಹಿಡಿದುಕೊಂಡು, ನಿಧಾನ.

ಮಾಲಕರು ಇನ್ನೊಮ್ಮೆ ಕೂಗಿದರು.
ಹನ್ನೊಂದು ದಾಟಿತ್ತು.