ಎರಡನೇ ಅಕ್ಷರ

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ
ಕರೆಂಟು ಹೋದರೆ ನನಗೆ ನಷ್ಟ,
ಆ ಹುಡುಗರಿಗೆ ಲಾಭ.
ಕಂಪ್ರೆಸರ್ ಬಾಯಿ ಮುಚ್ಚಿತೆಂದರೆ
ಥರ್ಮೋಕೋಲ್ ಗೋಡೆಯ ಹಿಂದಿನ ಕೋಣೆಯಷ್ಟು ಮೌನ
ಕಾರವಾರದಲ್ಲಿ ಇನ್ನೆಲ್ಲೂ ಇಲ್ಲ.

ಮಾಲಿನಿ ತಾಂಡೇಲ, ಮೀನು ಲಿಲಾವಿನ ದ್ವಾರಕಾಬಾಯಿಯ ಮಗಳು,
ಸ್ವೆಟರಿನ ಮೇಲೆ ಅಪ್ಪನ ರೇನ್‌ಕೋಟು ಏರಿಸಿ
ಮೊಬೈಲಿಗೆ ಕಾಲುಚೀಲ ತೊಡಿಸಿ
ಅದರೆದುರು ನಿಲ್ಲುತ್ತಾಳೆ.
ಮಂಚಿಕೇರಿಯಿಂದ ಬಂದ ಇನಾಸ್ ಸಿದ್ದಿ
ಖಾಲಿ ಕ್ರೇಟು ಬೋರಲು ಹಾಕಿ
ದಮಾಮಿಯ ಪೆಟ್ಟನ್ನು ಅದಕ್ಕೆ ಕಲಿಸುತ್ತಾನೆ.
ಬಾಗಿಲು ಹಿಡಿದುಕೊಂಡು ನಿಲ್ಲುವುದು ನನ್ನ ಕೆಲಸ.

"ರ‍್ಯಾಪ್ ಅಂದರೆ ಬೈಗುಳಕ್ಕೆ ತಾಳ ಹಾಕುವುದೇನೆ?"
ಮೊದಲ ದಿನ ಕೇಳಿದ್ದೆ.
"ನಿಮ್ಮ ಬೈಗುಳಕ್ಕೆ ಅದೂ ಇಲ್ಲವಲ್ಲ ಮಾಮಾ."

ಒಂದು ವರ್ಷ ಮುಂಬೈಯವರ ಹಾಗೆ
ಸಾಲಿನ ಬಾಲಕ್ಕೆ ಬಾಲ ಗಂಟು ಹಾಕಿ ನೋಡಿದಳು.
ಕನ್ನಡದ ಬಾಲ ಉದ್ದ: ಉತ್ತೇನೆ, ಉತ್ತಾನೆ, ಅಲ್ಲಿ, ಇಲ್ಲಿ.
ಪ್ರಾಸ ಸಿಗುತ್ತದೆ,
ಪುಕ್ಕಟೆ ಸಿಕ್ಕಿದ್ದಕ್ಕೆ ರುಚಿಯಿಲ್ಲ.
ಆಮೇಲೆ ಹೈಸ್ಕೂಲಿನ ಛಂದಸ್ಸು ನೆನಪಾಯಿತಂತೆ,
ಹತ್ತಕ್ಕೆ ಮೂರು ಅಂಕ ಬಂದ ಪಾಠ:
ಗಾಳ ಇರಬೇಕಾದ್ದು ಎರಡನೇ ಅಕ್ಷರದಲ್ಲಿ.

     ಬಲೆ ಒಣಗಿದ ಮರಳಿಗೆ ಈಗ ಬೇಲಿ
     ಬೆಲೆ ಕಟ್ಟಿದವರ ಕಾಲಿಗೆ ಒಂದು ಕಣವೂ ಅಂಟಿಲ್ಲ
     ಅಲೆಗೂ ಐಡಿ ಕಾರ್ಡು ಕೇಳುತ್ತಾರೆ
     ತಲೆ ಎಣಿಸಿದರು, ಹೆಸರು ಮರೆತರು

ಲೆ, ಲೆ, ಲೆ. ಕ್ರೇಟಿನ ಪೆಟ್ಟು ಸರಿಯಾಗಿ ಅಲ್ಲೇ,
ಉಸಿರಿನ ಎರಡನೇ ಮೆಟ್ಟಿಲ ಮೇಲೆ.

ಓಟ ಬೇಕೆನಿಸಿದಾಗ ಕೊಂಕಣಿಗೆ ಹಾರುತ್ತಾಳೆ:
ತೀನ್‌ಶೆಂ ಸಾಡೇತೀನ್‌ಶೆಂ ಚಾರ್‌ಶೆಂ ಚಾರ್‌ಶೆಂ
ಅದು ಅವ್ವನ ಕೂಗು.
ಉಸಿರು ತೆಗೆದದ್ದು ಕೊಳ್ಳುವವನಿಗೆ ತಿಳಿಯಬಾರದು,
ತಿಳಿದರೆ ಬಾಂಗಡೆಯ ದರ ಇಳಿಯುತ್ತದೆ.
ಹೀಗೆ ಉಸಿರು ಕದಿಯುವುದಕ್ಕೆ ಹುಡುಗರು ಫ್ಲೋ ಅನ್ನುತ್ತಾರೆ.
ದ್ವಾರಕಾಬಾಯಿ ಅದಕ್ಕೆ ಹೆಸರಿಟ್ಟಿಲ್ಲ.
ಮಗಳ ಹಾಡು ಕೇಳಿಸಿದಾಗ ಅವಳು ಹೇಳಿದ್ದು ಇಷ್ಟೇ:
"ನಾನೂರಕ್ಕೇ ಯಾಕೆ ನಿಲ್ಲಿಸಿದೆ?"

ನಿನ್ನೆ ಇನಾಸ್ ಹಟ ಹಿಡಿದ,
ಕಂಪ್ರೆಸರ್ ನಡೆಯಲಿ, ಅದೇ ಶ್ರುತಿ.
ನಡೆಸಿದೆ.
ಮೂವತ್ತು ವರ್ಷ ನನ್ನ ಕಿವಿ ತಿಂದ ಆ ಗುಂಯ್
ಫೋನಿನಿಂದ ತಿರುಗಿ ಬಂದಾಗ
ಪರಿಚಯದವರು ಊರು ಬಿಟ್ಟು ಬೇರೆಲ್ಲೋ ಸಿಕ್ಕ ಹಾಗೆ.
ಅದರಡಿ ಯಾರೋ ಕೆಮ್ಮಿದರು.
ನಾನೇ.
"ಅಳಿಸಿಬಿಡು" ಅಂದೆ.
ಮಾಲಿನಿ ಮತ್ತೆ ಕೇಳಿದಳು, ಬೆರಳಲ್ಲಿ ಎಣಿಸಿದಳು.
"ಎರಡನೇ ಅಕ್ಷರಕ್ಕೇ ಬಿದ್ದಿದೆ ಮಾಮಾ. ಇರಲಿ."

ಹೊರಗೆ ಐಸಿಗೆ ಬಂದ ಲಾರಿ ಹಾರ್ನು ಹೊಡೆಯಿತು.
ಅದು ತಾಳಕ್ಕೆ ಇರಲಿಲ್ಲ.