ಕೂಗಳತೆ

ಗಾಜಿನ ಪೆಟ್ಟಿಗೆಯಿಂದ ಒಂದೊಂದಾಗಿ ತೆಗೆದು
ಕೌಂಟರಿನ ಮೇಲಿಟ್ಟೆ. ಹೊರಗೆ ಅವನ ಬಿಳಿ ಟೊಯೊಟಾ,
ಮೂತಿಗೆ ಕಟ್ಟಿದ ಉದ್ದ ಕೋಲು, ತುದಿಯಲ್ಲಿ ಕಿತ್ತಳೆ ಬಾವುಟ:
ದಿಬ್ಬದ ಆಚೆಯಿಂದ ಹತ್ತಿ ಬರುವವರಿಗೆ
ಗಾಡಿಗಿಂತ ಮೊದಲು ಬಾವುಟ ಕಾಣಲೆಂದು.

ಊಡ್ನಡಟ್ಟ ಬಿಟ್ಟರೆ ಮೊಬೈಲಿನ ಗೀಟುಗಳು
ಪಬ್ಬು ಮುಚ್ಚುವ ಹೊತ್ತಿನ ಜನರಂತೆ ಕರಗುತ್ತವೆ.
ಮುಂದೆ ಸಿಂಪ್ಸನ್ ಮರುಭೂಮಿ, ಕೆಂಪು ದಿಬ್ಬದ ಹಿಂದೆ ಕೆಂಪು ದಿಬ್ಬ,
ಎಣಿಸಲು ಹೊರಟವರೆಲ್ಲ ನಡುವೆ ಲೆಕ್ಕ ತಪ್ಪಿದವರೇ.

ಇದು ಯು.ಎಚ್.ಎಫ್., ಎಂದೆ. ನೆತ್ತಿ ಹತ್ತುವ ಮೊದಲು
'ಬರ್ತಿದ್ದೀನಿ' ಅನ್ನಲು ಸಾಕು.
ನಾಲ್ಕು ದಿಬ್ಬ ದಾಟಿದರೆ ಅದರ ಮಾತು ಮರಳಿಗೇ.
ಇದು ಸ್ಯಾಟಲೈಟ್ ಫೋನು. ದನಿ ಅರ್ಧ ಉಸಿರು ತಡ.
ಇಬ್ಬರೂ ಒಟ್ಟಿಗೆ ಶುರುಮಾಡಿ ಇಬ್ಬರೂ ನಿಲ್ಲಿಸುತ್ತೀರಿ,
ಹೊಸದಾಗಿ ಮದುವೆಯಾದವರ ಹಾಗೆ.
ಇದು ಬರೀ ಸಂದೇಶ ಕಳಿಸುವುದು, ತಿಂಗಳಿಗಿಷ್ಟು ಬಾಡಿಗೆ,
ಸಂಜೆ ಸಂಜೆ ಮನೆಗೆ 'ಚೆನ್ನಾಗಿದ್ದೀನಿ' ಅಂತ...

"ಮಾತಾಡದೆ ಇರೋದು ಯಾವುದು?" ಎಂದ ಡೆಸ್ಮಂಡ್ ಹ್ಯಾಲೋರನ್.

ಮೂವತ್ತೊಂದು ವರ್ಷ ಗೂಡ್ಸ್ ರೈಲಿನ ಎಂಜಿನ್ನಿನಲ್ಲಿ
ಕಂಟ್ರೋಲಿನವರ ದನಿಯನ್ನು ಕಿವಿಗೆ ಕಟ್ಟಿಕೊಂಡೇ ಬದುಕಿದನಂತೆ.
ಸಾಕಂತೆ.

ಫ್ರೀಜರಿನ ಪಕ್ಕದ ಕುರ್ಚಿಯಿಂದ ಆಂಟಿ ಮಾಡಿ ನಕ್ಕಳು:
"ನಮ್ಮಜ್ಜಿ ಹೊಗೆ ಹಾಕ್ತಿದ್ಲು. ಬ್ಯಾಟರಿ ಬೇಡ, ಬಾಡಿಗೆ ಬೇಡ.
ಆ ಕಡೆ ನೋಡೋರು ಒಬ್ಬರು ಇರಬೇಕಿತ್ತು, ಅಷ್ಟೇ."

ಕೊನೆಯದನ್ನು ತೆಗೆದೆ. ಹಳದಿ ಬೀಕನ್, ಅಂಗೈಗಿಂತ ಸಣ್ಣದು.
ಆಂಟೆನಾ ಬಿಚ್ಚಿ ಗುಂಡಿ ಒತ್ತಿದರೆ ಒಂದೇ ಮಾತು: ಇಲ್ಲಿ.
ಏನಾಯಿತೆಂದು ಹೇಳದು. ಕೇಳಿಸಿಕೊಂಡರೇ ಯಾರಾದರೂ
ಎಂದು ನಿನಗೂ ತಿಳಿಸದು. ಬೆಲ್ಟಿಗೆ ಕಟ್ಟಿಕೋ,
ಗಾಡಿಯಲ್ಲಿ ಇಡಬೇಡ, ಎಂದೆ. ಯಾಕೆ ಎಂದು ಅವನು ಕೇಳಲಿಲ್ಲ.
ಆದರೂ ಹೇಳಿದೆ:

ನನ್ನ ತಮ್ಮ ಕೋಲ್‌ನ ಗಾಡಿ ಮಗುಚಿದ ರಾತ್ರಿ
ಅವನು ಬಿದ್ದದ್ದು ಮೂವತ್ತು ಹೆಜ್ಜೆ ದೂರ, ತೊಡೆಮೂಳೆ ಮುರಿದು.
ರೇಡಿಯೊ ಕೆಟ್ಟಿರಲಿಲ್ಲ. ತಲೆಕೆಳಗಾದ ಗಾಡಿಯಲ್ಲಿ
ತಂತಿಗೆ ಜೋತು, ಬೆಳಗಿನ ತನಕ
ನನ್ನ ದನಿಯಲ್ಲಿ ಅವನ ಹೆಸರು ಕೂಗುತ್ತಲೇ ಇತ್ತು.
ಕೂಗಳತೆಯೊಳಗೇ ಇದ್ದ. ಓಗೊಟ್ಟೂ ಇದ್ದನಂತೆ,
ಪ್ರತಿ ಸಲ, ಗಟ್ಟಿಯಾಗಿ.
ಬೆರಳಿರಬೇಕಾದ ಕಡೆ ಬೆರಳಿರಲಿಲ್ಲ.
(ಬದುಕಿದ್ದಾನೆ. ಕುಂಟುತ್ತಾನೆ. ನನ್ನ ಫೋನು ಮಾತ್ರ
ಮೊದಲ ರಿಂಗಿಗೇ ಎತ್ತುತ್ತಾನೆ.)

ಡೆಸ್ಮಂಡ್ ದುಡ್ಡು ಎಣಿಸಿದ. ನೋಂದಣಿಗೆ ಕೂತೆವು.
ಹೆಸರು. ಗಾಡಿಯ ನಂಬರು. ಬಣ್ಣ.
'ತುರ್ತಿಗೆ ಸಂಪರ್ಕಿಸಬೇಕಾದವರು' ಎಂಬಲ್ಲಿ
ಪೆನ್ನು ನಿಂತಿತು.
ಗುಂಡಿ ಒತ್ತಿದರೆ ಕ್ಯಾನ್‌ಬೆರಾದವರು ಕರೆಯುವುದು ಇದಕ್ಕೇ, ಎಂದೆ.
ಯಾವ ದಾರಿ ಹಿಡಿದ, ಎಷ್ಟು ನೀರಿದೆ ಎಂದು ಕೇಳುತ್ತಾರೆ.
ಅವನು ಹೊರಗೆ ಬಾವುಟವನ್ನು ನೋಡಿದ. ಗಾಳಿ ಇರಲಿಲ್ಲ.
"ಬಿಟ್ಟುಬಿಡಿ. ಯಾರೂ ಕೇಳಲ್ಲ" ಎಂದ,
ತಕರಾರಿಲ್ಲದೆ, ಚಹಾಕ್ಕೆ ಸಕ್ಕರೆ ಬೇಡ ಎನ್ನುವಂತೆ.

ಖಾಲಿ ಜಾಗ ಬಿಟ್ಟರೆ ಫಾರಂ ಮುಂದಕ್ಕೆ ಹೋಗುವುದಿಲ್ಲ.
ಅಂಗಡಿಯ ನಂಬರು ಹಾಕಿದೆ. 'ಸಂಬಂಧ' ಎಂದು ಕೇಳಿತು.
ಆಂಟಿ ಮಾಡಿ ಕುರ್ಚಿಯಿಂದಲೇ, "ಪರಿಚಯ ಅಂತ ಬರಿ" ಎಂದಳು.
ಬರೆದೆ. ನೀರು ಎಷ್ಟು ಎಂದೆ. ಅರವತ್ತು ಲೀಟರು.
ದಾರಿ? ಫ್ರೆಂಚ್ ಲೈನ್. ಹಿಂದೆ ಬಾಗಿಲು ಬಡಿದುಕೊಂಡಿತು.

ಜೂನ್ ತಿಂಗಳು. ರಾತ್ರಿ ಬಕೆಟ್ಟಿನ ನೀರು ಕೆನೆಗಟ್ಟುವ ಚಳಿ.
ಆರನೆಯ ರಾತ್ರಿ ಎರಡೂಕಾಲಿಗೆ ಫೋನು ಹೊಡೆದುಕೊಂಡಿತು.
ಬರಿಗಾಲಲ್ಲಿ ಅಂಗಡಿ ದಾಟುತ್ತ ಬಾಯಿಪಾಠ ಮಾಡಿದೆ:
ಬಿಳಿ ಟೊಯೊಟಾ, ಒಬ್ಬನೇ, ಫ್ರೆಂಚ್ ಲೈನ್, ಅರವತ್ತು ಲೀಟರು,
ಮಾತು ಕಮ್ಮಿ...

ಆ ಕಡೆ ಯಾರೋ ಕುಡಿದವನು ಡೀಸೆಲ್ ದರ ಕೇಳಿದ.
ಹೇಳಿದೆ. ಇನ್ನೊಮ್ಮೆ ಕೇಳಿದ. ಇನ್ನೊಮ್ಮೆ ಹೇಳಿದೆ.
ಅಷ್ಟು ಅಕ್ಕರೆಯಿಂದ ಡೀಸೆಲ್ಲಿನ ದರವನ್ನು
ನಾನು ಯಾರಿಗೂ ಹೇಳಿರಲಿಲ್ಲ.